ಮಡಚುವ ಚಾಕುವಿನ ರಚನೆ

ಮನುಷ್ಯನು ತನ್ನ ಕೈಯಿಂದ ಮಾಡಿಕೊಂಡ ಉಪಕರಣಗಳಲ್ಲಿ ಕತ್ತಿಯಷ್ಟು ಹಳೆಯವು ಕೆಲವೇ. ಆದರೆ ಒಂದು ವಸ್ತುವನ್ನು ಹರಿತಗೊಳಿಸುವುದು ಎಷ್ಟು ಕಷ್ಟವೋ, ಹರಿತವಾದ ವಸ್ತುವನ್ನು ಯಾರಿಗೂ ತಾಗದಂತೆ ಇಟ್ಟುಕೊಳ್ಳುವುದೂ ಅಷ್ಟೇ ಕಷ್ಟ. ಈ ಎರಡು ಕಷ್ಟಗಳಿಗೂ ಏಕಕಾಲದಲ್ಲಿ ಉತ್ತರವಾಗಿ ಬಂದುದು ಮಡಚುವ ಚಾಕು. ಅದರ ಹಿಡಿಯೇ ಅದಕ್ಕೆ ಒರೆಯೂ ಆಗುತ್ತದೆ. ಇಂತಹ ಚಾಕುವೊಂದನ್ನು ವಿದ್ಯಾರ್ಥಿಯು ಸ್ವಂತ ಕೈಯಿಂದ ಹೇಗೆ ರಚಿಸಬಹುದು, ರಚಿಸುವಾಗ ಯಾವ ಯಾವ ತತ್ತ್ವಗಳನ್ನು ಕಲಿಯಬಹುದು ಎಂಬುದನ್ನು ಈ ಲೇಖನದಲ್ಲಿ ವಿವರಿಸುತ್ತೇವೆ.

ಇದರ ಮರ್ಮವಿರುವುದು ಕೀಲಿನಲ್ಲಿ. ಕೀಲಿನ ಉಪಕರಣಗಳು ನಮ್ಮ ಮನೆಗಳಿಗೆ ಹೊಸವಲ್ಲ. ಅಜ್ಜಿಯ ಎಲೆಯಡಿಕೆಯ ತಟ್ಟೆಯಲ್ಲಿರುವ ಅಡಕತ್ತರಿಯು ಒಂದೇ ಕೀಲಿನ ಮೇಲೆ ತಿರುಗುತ್ತದೆ. ಕ್ಷೌರಿಕರು ಬಳಸುತ್ತಿದ್ದ ಹಳೆಯ ಕ್ಷೌರದ ಕತ್ತಿಯೂ ಎರಡು ತೆಳುವಾದ ಹಲಗೆಗಳ ನಡುವೆ ಮಡಚಿಕೊಳ್ಳುವಂತಹುದೇ. ಯುರೋಪಿನಲ್ಲಿ ಆಸ್ಟ್ರಿಯಾ ದೇಶದ ಹಾಲ್‌ಸ್ಟಾಟ್ ಎಂಬಲ್ಲಿ ಸುಮಾರು ೨,೫೦೦ ವರ್ಷಗಳಷ್ಟು ಹಿಂದಿನ ಮಡಚುವ ಚಾಕು ದೊರೆತಿದೆ. ರೋಮನರೂ ಇಂತಹ ಚಾಕುಗಳನ್ನು ಬಳಸುತ್ತಿದ್ದರು. ದಕ್ಷಿಣ ಭಾರತದಲ್ಲಿ ತಾಳೆಗರಿಯ ಮೇಲೆ ಬರೆಯುತ್ತಿದ್ದವರು, ಗರಿಯನ್ನು ಕತ್ತರಿಸುವ ಚಿಕ್ಕ ಅಲಗನ್ನೂ ಅಕ್ಷರ ಕೊರೆಯುವ ಕಂಠವನ್ನೂ ಒಂದೇ ಹಿಡಿಗೆ ಜೋಡಿಸಿಕೊಳ್ಳುತ್ತಿದ್ದುದುಂಟು. ಚಾಕುವಿಗೂ ವಿದ್ಯೆಗೂ ಹೀಗೆ ಹಳೆಯ ನಂಟಿದೆ. ಹಕ್ಕಿಯ ಗರಿಯ ಲೇಖನಿಯನ್ನು ಚೂಪು ಮಾಡಲು ಇಟ್ಟುಕೊಳ್ಳುತ್ತಿದ್ದುದರಿಂದಲೇ ಇಂಗ್ಲಿಷರು ಚಿಕ್ಕ ಚಾಕುವಿಗೆ ‘ಪೆನ್ ನೈಫ್’ ಎಂದು ಹೆಸರಿಟ್ಟರು.

ಮುಂಬಯಿಯಿಂದ ಹೋದ ಉಕ್ಕು

ಲೇಖನಿ ಚಾಕುವಿನ ಚರಿತ್ರೆಯಲ್ಲಿ ನಮ್ಮ ನಗರಕ್ಕೂ ನಮ್ಮ ನುಡಿಗೂ ಒಂದು ಸ್ಥಾನವಿದೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮುಂಬಯಿಯಲ್ಲಿದ್ದ ಡಾಕ್ಟರ್ ಹೆಲೆನಸ್ ಸ್ಕಾಟ್ ಎಂಬವರು, ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷರಾಗಿದ್ದ ಸರ್ ಜೋಸೆಫ್ ಬ್ಯಾಂಕ್ಸ್ ಅವರಿಗೆ ‘ವೂಟ್ಜ್’ ಎಂಬ ಹೆಸರಿನ ಭಾರತೀಯ ಉಕ್ಕಿನ ಮಾದರಿಗಳನ್ನು ಕಳುಹಿಸಿದರು. ‘ಉಕ್ಕು’ ಎಂಬ ನಮ್ಮ ಮಾತೇ ಪರದೇಶೀಯರ ಬಾಯಲ್ಲಿ ‘ವೂಟ್ಜ್’ ಆಯಿತೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಜಾರ್ಜ್ ಪಿಯರ್ಸನ್ ಎಂಬ ವಿಜ್ಞಾನಿಯು ಅದನ್ನು ಪರೀಕ್ಷಿಸಿ ೧೭೯೫ರಲ್ಲಿ ಪ್ರಬಂಧವನ್ನು ಮಂಡಿಸಿದನು. ಉಕ್ಕಿನ ಗುಣವನ್ನು ತಿಳಿಯಲು ಆಗ ಮಾಡಿದ ಪರೀಕ್ಷೆಗಳಲ್ಲಿ ಒಂದು ಯಾವುದೆಂದು ಊಹಿಸಬಲ್ಲಿರಾ? ಲಂಡನ್ನಿನ ಸ್ಟೋಡಾರ್ಟ್ ಎಂಬ ಕುಶಲ ಕರ್ಮಿಯು ಆ ಉಕ್ಕನ್ನು ಕಾಯಿಸಿ ಬಡಿದು ಒಂದು ಲೇಖನಿ ಚಾಕುವನ್ನು ಮಾಡಿದನು. ಅದರ ಹರಿತವು ಅಲ್ಲಿನ ಅತ್ಯುತ್ತಮ ಉಕ್ಕಿನ ಚಾಕುವಿಗೆ ಕಡಮೆಯಾಗಿರಲಿಲ್ಲ. ಮುಂದೆ ಇದೇ ಸ್ಟೋಡಾರ್ಟನೊಡನೆ ಕಮ್ಮಾರನ ಮಗನಾದ ಮೈಕೇಲ್ ಫ್ಯಾರಡೆಯು ಉಕ್ಕಿನ ಮೇಲೆ ಪ್ರಯೋಗಗಳನ್ನು ನಡೆಸಿ ೧೮೨೦ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ರಸಾಯನಶಾಲೆಯಲ್ಲಿ ತೂಗಿ ಕರಗಿಸಿ ನೋಡಿದವರೂ ಕೊನೆಗೆ ಆ ಲೋಹದ ಯೋಗ್ಯತೆಯನ್ನು ತಿಳಿಯಲು ಒಂದು ಚಾಕುವನ್ನು ಮಾಡಿಯೇ ನೋಡಬೇಕಾಯಿತು. ಮಾಡಿ ನೋಡುವುದೂ ಅರಿವಿನ ಒಂದು ಮಾರ್ಗವೆಂಬುದನ್ನು ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕು.

ವಿದ್ಯಾರ್ಥಿಯ ಕೈಗೆ ಚಾಕು ಸಲ್ಲುವುದೇ?

ಈ ಪ್ರಶ್ನೆ ನ್ಯಾಯವಾದುದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸ್ವೀಡನ್ ದೇಶದ ಒಟ್ಟೊ ಸಾಲೊಮನ್ ಎಂಬ ಶಿಕ್ಷಣತಜ್ಞನು ‘ಸ್ಲಾಯ್ಡ್’ ಎಂಬ ಕೈಕೆಲಸದ ಶಿಕ್ಷಣವನ್ನು ಬೆಳೆಸಿದಾಗ, ಮಕ್ಕಳಿಗೆ ಮೊದಲು ಕೊಡುತ್ತಿದ್ದ ಉಪಕರಣವೇ ಚಾಕು. ಜಪಾನಿನ ಮಿಕಿ ಪಟ್ಟಣದಲ್ಲಿ ತಯಾರಾಗುವ ‘ಹಿಗೊನೊಕಾಮಿ’ ಎಂಬ ಸರಳವಾದ ಮಡಚುವ ಚಾಕುವಿನಿಂದ ಆ ದೇಶದ ವಿದ್ಯಾರ್ಥಿಗಳು ಬಹುಕಾಲ ಪೆನ್ಸಿಲು ಕೆತ್ತಿಕೊಳ್ಳುತ್ತಿದ್ದರು. ೧೯೬೦ರ ದಶಕದಲ್ಲಿ ಮಕ್ಕಳ ಕೈಗೆ ಚಾಕು ಕೊಡಬಾರದೆಂಬ ಚಳುವಳಿ ಅಲ್ಲಿ ನಡೆದು, ಆ ರೂಢಿ ಕುಗ್ಗಿತು. ಎರಡೂ ಪಕ್ಷಗಳಲ್ಲಿ ಸತ್ಯಾಂಶವಿದೆ. ಹರಿತವನ್ನು ಕಾಣದ ಕೈಗೆ ಎಚ್ಚರವೂ ಬಾರದು. ಎಚ್ಚರವಿಲ್ಲದ ಕೈಗೆ ಹರಿತವನ್ನು ಒಪ್ಪಿಸುವುದೂ ಸಲ್ಲದು. ಆದುದರಿಂದ ನಾವು ಒಂದು ನಿಯಮವನ್ನು ಮೊದಲೇ ಹೇಳಿಬಿಡುತ್ತೇವೆ. ಈ ಕೆಲಸವನ್ನು ಕೈಕೆಲಸದ ಕೋಣೆಯಲ್ಲಿ ಅಧ್ಯಾಪಕರ ಎದುರಿಗೆ, ಅಥವಾ ಮನೆಯಲ್ಲಿ ಉಪಕರಣಗಳ ಬಳಕೆ ಬಲ್ಲ ಹಿರಿಯರ ಎದುರಿಗೆ ಮಾತ್ರ ಮಾಡಬೇಕು. ಸಿದ್ಧವಾದ ಚಾಕು ಹಿರಿಯರ ವಶದಲ್ಲಿರಬೇಕು; ಕಿಸೆಯಲ್ಲಾಗಲಿ ಪುಸ್ತಕದ ಚೀಲದಲ್ಲಾಗಲಿ ಇರಬಾರದು. ಮೆಟ್ರೊ ರೈಲಿನ ಹಾಗೂ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅದನ್ನು ಬಿಡುವುದಿಲ್ಲವೆಂಬುದು ಎಲ್ಲರಿಗೂ ತಿಳಿದಿರಲಿ.

ಬೇಕಾಗುವ ಸಾಮಗ್ರಿ

ಅಲಗಿಗೆ ಬಡಗಿಯ ಹಳೆಯ ಕೈಗರಗಸದ ತಗಡು ಉತ್ತಮ. ಸಾಧಾರಣ ಕಬ್ಬಿಣದ ಪಟ್ಟಿಯಲ್ಲಿ ಇಂಗಾಲದ ಅಂಶ ಸುಮಾರು ನೂರಕ್ಕೆ ೦.೨ರಷ್ಟಿರುವುದರಿಂದ ಅದು ಹರಿತವನ್ನು ಹಿಡಿದು ನಿಲ್ಲಿಸದು. ಗರಗಸದ ಉಕ್ಕಿನಲ್ಲಿ ಇಂಗಾಲವು ನೂರಕ್ಕೆ ೦.೭ರಿಂದ ೧ರವರೆಗೆ ಇರುತ್ತದೆ. ಮೇಲಾಗಿ ಅದನ್ನು ಕಾರ್ಖಾನೆಯಲ್ಲಿಯೇ ಕಾಯಿಸಿ ಹದಗೊಳಿಸಿರುತ್ತಾರೆ. ಹೀಗಾಗಿ ನಮಗೆ ಕುಲುಮೆಯೂ ಬೇಡ, ತಿದಿಯೂ ಬೇಡ. ಗರಗಸದ ಹಲ್ಲುಗಳನ್ನು ಬಡಗಿಯು ಅರದಿಂದ ತಿಕ್ಕಿ ಚೂಪು ಮಾಡುವುದನ್ನು ನೀವು ನೋಡಿರಬಹುದು. ಅರಕ್ಕೆ ಅದು ಬಗ್ಗುತ್ತದೆಂಬುದಕ್ಕೆ ಅದೇ ಸಾಕ್ಷಿ. ಈಚಿನ ಕೆಲವು ಗರಗಸಗಳ ಹಲ್ಲಿನ ತುದಿ ಕಪ್ಪುನೀಲಿಯಾಗಿ ಬಹಳ ಗಡುಸಾಗಿರುತ್ತದೆ. ಆ ಅಂಚನ್ನು ಬಿಟ್ಟು ಉಳಿದ ತಗಡನ್ನು ಬಳಸಬೇಕು.

ಹಿಡಿಗೆ ೪ ಮಿಲಿಮೀಟರ್ ದಪ್ಪದ ಸಾಗುವಾನಿಯ ಎರಡು ತುಂಡುಗಳು, ಕೀಲಿಗೆ ೩ ಮಿ.ಮೀ. ವ್ಯಾಸದ ಹಿತ್ತಾಳೆಯ ಸರಳು, ಹಿಡಿಯನ್ನು ಜೋಡಿಸಲು ೨ ಮಿ.ಮೀ. ಹಿತ್ತಾಳೆಯ ತಂತಿ, ಎರಡು ಹಿತ್ತಾಳೆಯ ವಾಷರುಗಳು, ಪಾನೀಯದ ಒಂದು ಖಾಲಿ ಅಲ್ಯುಮಿನಿಯಂ ಡಬ್ಬಿ, ಸ್ವಲ್ಪ ಆರಾಲ್ಡೈಟ್ ಅಂಟು ಬೇಕು. ಉಪಕರಣಗಳು ಇವು: ವೈಸು, ಕಬ್ಬಿಣ ಕೊಯ್ಯುವ ಗರಗಸ, ಒಂದು ಒರಟು ಅರ, ಒಂದು ನಯವಾದ ಅರ, ಡ್ರಿಲ್ಲು, ಚಿಕ್ಕ ಸುತ್ತಿಗೆ, ಮರಳುಕಾಗದ ಮತ್ತು ಸಾಣೆಕಲ್ಲು. ಮುಂಬಯಿಯಲ್ಲಿ ಇವುಗಳಿಗಾಗಿ ಅಲೆಯಬೇಕಾಗಿಲ್ಲ. ಮಸ್ಜಿದ್ ಬಂದರದ ಸಮೀಪದ ನಾಗದೇವಿ ಬೀದಿಯಲ್ಲಿ ಉಪಕರಣಗಳ ಅಂಗಡಿಗಳು ಸಾಲಾಗಿವೆ. ಹಳೆಯ ಗರಗಸವು ನೆರೆಯ ಬಡಗಿಯಲ್ಲಿಯೋ ಹಳೆಯ ಸಾಮಾನಿನ ಅಂಗಡಿಯಲ್ಲಿಯೋ ದೊರೆಯುತ್ತದೆ.

ಮೊದಲು ರಟ್ಟಿನ ಚಾಕು

ಉಕ್ಕನ್ನು ಮುಟ್ಟುವ ಮುನ್ನ ರಟ್ಟಿನಲ್ಲಿ ಇಡೀ ಚಾಕುವನ್ನು ಮಾಡಿ ನೋಡಬೇಕು. ರೇಖಾಗಣಿತದ ತರಗತಿಯಲ್ಲಿ ಕಲಿತುದು ಇಲ್ಲಿ ಕೈಗೆ ಬರುತ್ತದೆ. ಚಾಕು ತೆರೆದಿರುವಂತೆ, ಅಲಗು ಬಲಕ್ಕೆ ಮತ್ತು ಬಾಯಿ ಕೆಳಕ್ಕೆ ಇರುವಂತೆ ಚಿತ್ರವನ್ನು ಬರೆಯಿರಿ.

ಹಿಡಿಯು ೧೦೦ ಮಿ.ಮೀ. ಉದ್ದ, ೨೦ ಮಿ.ಮೀ. ಅಗಲದ ಆಯತ. ಅದರ ಬಲತುದಿಯಿಂದ ೧೦ ಮಿ.ಮೀ. ಒಳಗೆ, ಮೇಲಂಚಿನಿಂದ ೧೨ ಮಿ.ಮೀ. ಕೆಳಗೆ ‘ಕ’ ಎಂಬ ಬಿಂದುವನ್ನು ಗುರುತಿಸಿ. ಇದೇ ಕೀಲಿನ ಸ್ಥಾನ. ಅಲಗಿನ ಮೊನೆಯು ‘ಕ’ದಿಂದ ೭೮ ಮಿ.ಮೀ. ದೂರದಲ್ಲಿರಲಿ. ಅಲಗಿನ ಬೆನ್ನು ‘ಕ’ದ ಮಟ್ಟಕ್ಕಿಂತ ೧೦ ಮಿ.ಮೀ. ಮೇಲೆ, ಬಾಯಿ ೫ ಮಿ.ಮೀ. ಕೆಳಗೆ. ಹೀಗೆ ಅಲಗಿನ ಅಗಲ ೧೫ ಮಿ.ಮೀ. ಆಯಿತು. ಬೆನ್ನನ್ನು ಮೊನೆಯ ಕಡೆಗೆ ಇಳಿಜಾರಾಗಿ ಇಳಿಸಬಹುದು. ಅಲಗಿನ ಬುಡವು ‘ಕ’ದಿಂದ ೬ ಮಿ.ಮೀ. ಹಿಂದಕ್ಕೆ ಚಾಚಿ, ನೇರವಾಗಿ ಕೊನೆಗೊಳ್ಳಲಿ.

ಇನ್ನು ಹಿಡಿಯ ಎರಡು ಹಲಗೆಗಳ ನಡುವೆ ಮೇಲಂಚಿನ ಉದ್ದಕ್ಕೂ ಕೂಡುವ ಒಂದು ಪಟ್ಟಿ ಬೇಕು. ಇದನ್ನು ಬೆನ್ನುಪಟ್ಟಿ ಎನ್ನೋಣ. ಇದರ ಉದ್ದ ೮೪ ಮಿ.ಮೀ., ಅಗಲ ೫ ಮಿ.ಮೀ. ಎಡತುದಿಯಿಂದ ಹೊರಟು ಇದು ಅಲಗಿನ ಬುಡಕ್ಕೆ ಸರಿಯಾಗಿ ತಾಗಿ ನಿಲ್ಲುತ್ತದೆ. ಚಾಕುವನ್ನು ತೆರೆದಾಗ ಬುಡದ ಮೇಲಿನ ಮೂಲೆಯು ಬೆನ್ನುಪಟ್ಟಿಯ ತುದಿಗೆ ಒತ್ತಿಕೊಳ್ಳುವುದರಿಂದ ಅಲಗು ಅದಕ್ಕಿಂತ ಹಿಂದಕ್ಕೆ ಬಾಗದು. ಆ ಮೂಲೆಯನ್ನು ಚೌಕವಾಗಿಯೇ ಉಳಿಸಿ, ಬುಡದ ಕೆಳಮೂಲೆಯನ್ನು ಮಾತ್ರ ದುಂಡಗೆ ಮಾಡಬೇಕು.

ಈಗ ಕೈವಾರವನ್ನು ತೆಗೆದುಕೊಂಡು, ‘ಕ’ವನ್ನು ಕೇಂದ್ರವಾಗಿಯೂ ೭೮ ಮಿ.ಮೀ. ಅನ್ನು ತ್ರಿಜ್ಯವಾಗಿಯೂ ಇಟ್ಟು, ಹಿಡಿಯ ಕೆಳಭಾಗದಿಂದ ಅರ್ಧವೃತ್ತವನ್ನು ಎಳೆಯಿರಿ. ಅಲಗು ಮುಚ್ಚುವಾಗ ಮೊನೆಯು ನಡೆಯುವ ದಾರಿ ಇದೇ. ‘ಕ’ದಿಂದ ಹಿಡಿಯ ಎಡತುದಿಗೆ ೯೦ ಮಿ.ಮೀ. ಇರುವುದರಿಂದ ಮೊನೆಯು ತುದಿಗಿಂತ ೧೨ ಮಿ.ಮೀ. ಒಳಗೇ ಉಳಿಯಿತು. ಇದು ಮಡಚುವ ಚಾಕುವಿನ ಮೊದಲನೆಯ ನಿಯಮ: ಕೀಲಿನಿಂದ ಮೊನೆಗಿರುವ ದೂರವು ಕೀಲಿನಿಂದ ಹಿಡಿಯ ತುದಿಗಿರುವ ದೂರಕ್ಕಿಂತ ಕಡಮೆಯಿರಬೇಕು.

ಎರಡನೆಯ ನಿಯಮ ಬಾಯಿಗೆ ಸಂಬಂಧಿಸಿದುದು. ಅಲಗು ಅರ್ಧಸುತ್ತು ತಿರುಗಿದಾಗ ಕೆಳಗಿದ್ದುದು ಮೇಲಾಗುತ್ತದೆ. ‘ಕ’ಕ್ಕಿಂತ ೫ ಮಿ.ಮೀ. ಕೆಳಗಿದ್ದ ಬಾಯಿ, ಮುಚ್ಚಿದಾಗ ೫ ಮಿ.ಮೀ. ಮೇಲೆ ಬರುತ್ತದೆ. ಬೆನ್ನುಪಟ್ಟಿಯ ಒಳ ಅಂಚು ‘ಕ’ಕ್ಕಿಂತ ೭ ಮಿ.ಮೀ. ಮೇಲಿದೆ. ಎರಡರ ನಡುವೆ ೨ ಮಿ.ಮೀ. ತೆರಪು ಉಳಿಯಬೇಕು. ಆ ತೆರಪಿಲ್ಲದೆ ಹೋದರೆ ಪ್ರತಿಸಲ ಮುಚ್ಚಿದಾಗಲೂ ಹರಿತವು ಪಟ್ಟಿಗೆ ಬಡಿದು ಮೊಂಡಾಗುತ್ತದೆ. ಈ ತೆರಪನ್ನು ಕಾಯಲು, ‘ಕ’ದಿಂದ ಮುಂದಕ್ಕೆ ೮ರಿಂದ ೧೨ ಮಿ.ಮೀ.ವರೆಗಿನ ಭಾಗದಲ್ಲಿ, ಬಾಯಿಗಿಂತ ೨ ಮಿ.ಮೀ. ಕೆಳಕ್ಕೆ ಇಳಿದ ಒಂದು ಹಿಮ್ಮಡಿಯನ್ನು ಬಿಡಬೇಕು. ಇದನ್ನು ಹರಿತ ಮಾಡಬಾರದು. ಮುಚ್ಚಿದಾಗ ಹಿಮ್ಮಡಿಯು ಬೆನ್ನುಪಟ್ಟಿಯ ಮೇಲೆ ಊರಿಕೊಳ್ಳುತ್ತದೆ, ಹರಿತವು ತಾಗದೆ ಉಳಿಯುತ್ತದೆ. ಇದೇ ಲೆಕ್ಕದಲ್ಲಿ ಅಲಗಿನ ಬೆನ್ನು ಮುಚ್ಚಿದಾಗ ಹಿಡಿಯಿಂದ ೨ ಮಿ.ಮೀ. ಹೊರಗೆ ಕಾಣುತ್ತದೆ. ಎರಡು ಬೆರಳಿನಿಂದ ಹಿಡಿದು ತೆರೆಯುವುದಕ್ಕೆ ಅದು ಬೇಕು.

ರಟ್ಟಿನ ಅಲಗನ್ನೂ ಹಿಡಿಯನ್ನೂ ‘ಕ’ದಲ್ಲಿ ಒಂದು ಗುಂಡುಸೂಜಿಯಿಂದ ಪೋಣಿಸಿ, ಹತ್ತು ಸಲ ತೆರೆದು ಮುಚ್ಚಿ ನೋಡಿ. ಎಲ್ಲಿ ತೊಡಕಾಗುವುದೋ ಅಲ್ಲಿ ರಟ್ಟನ್ನು ತಿದ್ದಿರಿ. ರಟ್ಟಿನಲ್ಲಿ ತಪ್ಪಿದರೆ ನಷ್ಟವಿಲ್ಲ; ಉಕ್ಕಿನಲ್ಲಿ ತಪ್ಪಿದರೆ ಒಂದು ವಾರದ ಶ್ರಮ ವ್ಯರ್ಥ.

ಅಲಗು

ತಿದ್ದಿದ ರಟ್ಟನ್ನು ಗರಗಸದ ತಗಡಿನ ಮೇಲಿಟ್ಟು ಮೊಳೆಯ ಮೊನೆಯಿಂದ ಗೆರೆ ಕೊರೆಯಿರಿ. ಬೆನ್ನುಪಟ್ಟಿಯನ್ನೂ ಇದೇ ತಗಡಿನಿಂದಲೇ ತೆಗೆಯಬೇಕು; ಕಾರಣವನ್ನು ಮುಂದೆ ಹೇಳುತ್ತೇವೆ. ಕಣ್ಣಿಗೆ ರಕ್ಷಕ ಕನ್ನಡಕವಿರಲಿ. ಅಗಲವಾದ ತಗಡಿನಲ್ಲಿರುವಾಗಲೇ ಕೀಲಿನ ತೂತನ್ನು ಕೊರೆಯುವುದು ಮೇಲು. ತಗಡನ್ನು ಮರದ ತುಂಡಿನ ಮೇಲಿಟ್ಟು ಬಿಗಿಯಾಗಿ ಕಟ್ಟಿ, ಒಂದೆರಡು ಹನಿ ಎಣ್ಣೆ ಬಿಟ್ಟು, ಡ್ರಿಲ್ಲನ್ನು ನಿಧಾನವಾಗಿ, ಸಮನಾದ ಒತ್ತಡದಿಂದ ನಡೆಸಬೇಕು. ತಗಡನ್ನು ಕೈಯಲ್ಲಿ ಹಿಡಿದು ಕೊರೆಯಲೇಬಾರದು. ಡ್ರಿಲ್ಲು ಕಚ್ಚಿಕೊಂಡರೆ ತಗಡು ಗಿರ್ರನೆ ತಿರುಗಿ ಕೈಯನ್ನು ಕೊಯ್ಯುತ್ತದೆ.

ಬಳಿಕ ಗೆರೆಯ ಹೊರಗೆ ಕೊಯ್ದು, ಗೆರೆಯವರೆಗೆ ಅರದಿಂದ ತಿಕ್ಕಿ ತನ್ನಿ. ಅರವು ಮುಂದಕ್ಕೆ ಹೋಗುವಾಗ ಮಾತ್ರ ಕೆಲಸ ಮಾಡುತ್ತದೆ. ಹಿಂದಕ್ಕೆ ತರುವಾಗ ಎತ್ತಿ ತರಬೇಕು. ತಿರುಗುವ ಸಾಣೆಚಕ್ರದ ಆಸೆ ಬೇಡ. ತೆಳುವಾದ ಅಂಚು ಕ್ಷಣಾರ್ಧದಲ್ಲಿ ಕಾದು, ನೀಲಿಗೂ ಮೀರಿ ಬೂದು ಬಣ್ಣಕ್ಕೆ ತಿರುಗಿತೆಂದರೆ ಕಾರ್ಖಾನೆಯವರು ಕೊಟ್ಟ ಹದ ಹೋಗಿಬಿಡುತ್ತದೆ. ಕೈಯ ಅರಕ್ಕೆ ಸಮಯ ಹಿಡಿಯುತ್ತದೆ, ಆದರೆ ಹದ ಕೆಡುವುದಿಲ್ಲ. ಆಕಾರ ಬಂದ ಮೇಲೆ ಬಾಯಿಯ ಎರಡು ಪಕ್ಕಗಳನ್ನೂ ಸುಮಾರು ೬ ಮಿ.ಮೀ. ಅಗಲಕ್ಕೆ ಇಳಿಜಾರಾಗಿ ತಿಕ್ಕಿರಿ. ಒಂದು ಪಕ್ಕಕ್ಕೆ ಹತ್ತು ಎಳೆತ, ಇನ್ನೊಂದಕ್ಕೆ ಹತ್ತು ಎಳೆತ ಎಂದು ಎಣಿಸಿ ತಿಕ್ಕಿದರೆ ಬಾಯಿ ನಡುವೆಯೇ ನಿಲ್ಲುತ್ತದೆ. ಈಗಲೇ ಹರಿತ ಮಾಡಬೇಡಿ. ಜೋಡಣೆ ಮುಗಿಯುವವರೆಗೂ ಬಾಯಿ ಮೊಂಡಾಗಿಯೇ ಇರಬೇಕು.

ಹಿಡಿ ಮತ್ತು ಜೋಡಣೆ

ಸಾಗುವಾನಿಯ ಎರಡು ತುಂಡುಗಳನ್ನೂ ಒಟ್ಟಿಗೆ ಕಟ್ಟಿ, ಕೀಲಿನ ತೂತನ್ನು ಎರಡಕ್ಕೂ ಒಂದೇ ಸಲ ಕೊರೆಯಿರಿ. ಬೇರೆ ಬೇರೆಯಾಗಿ ಕೊರೆದರೆ ಕೂದಲೆಳೆಯಷ್ಟು ಅಂತರ ಬಂದರೂ ಅಲಗು ಓರೆಯಾಗಿ ಒಂದು ಪಕ್ಕಕ್ಕೆ ಉಜ್ಜುತ್ತದೆ. ಬೆನ್ನುಪಟ್ಟಿಯನ್ನೂ ಜೊತೆಯಲ್ಲಿಟ್ಟು ಎಡತುದಿಯಿಂದ ೧೫ ಮತ್ತು ೭೫ ಮಿ.ಮೀ. ದೂರದಲ್ಲಿ ೨ ಮಿ.ಮೀ. ತೂತುಗಳನ್ನು ಮಾಡಿ.

ಅಲಗು ತಿರುಗಬೇಕಾದರೆ ಅದರ ಇಕ್ಕೆಲಗಳಲ್ಲಿ ಅತ್ಯಲ್ಪ ತೆರಪಿರಬೇಕು. ಹೆಚ್ಚಾದರೆ ಅಲಗು ಅಲುಗಾಡುತ್ತದೆ. ಅಳೆಯುವುದಕ್ಕೇ ಕಷ್ಟವಾದ ಈ ತೆರಪನ್ನು ತರಲು ಒಂದು ಸುಲಭೋಪಾಯವಿದೆ. ಪಾನೀಯದ ಡಬ್ಬಿಯ ತಗಡು ಸುಮಾರು ೦.೧ ಮಿ.ಮೀ. ದಪ್ಪವಿರುತ್ತದೆ. ಅದರಿಂದ ೧೦ ಮಿ.ಮೀ. ವ್ಯಾಸದ ಎರಡು ಬಿಲ್ಲೆಗಳನ್ನು ಕತ್ತರಿಸಿ ಅಲಗಿನ ಎರಡು ಪಕ್ಕಕ್ಕೂ ಕೀಲಿನಲ್ಲಿ ಹಾಕಿ. ಅದೇ ತಗಡಿನ ಎರಡು ಪಟ್ಟಿಗಳನ್ನು ಬೆನ್ನುಪಟ್ಟಿಯ ಎರಡು ಪಕ್ಕಕ್ಕೂ ಹಾಕಿ. ಅಲಗು ಮತ್ತು ಬೆನ್ನುಪಟ್ಟಿ ಒಂದೇ ಗರಗಸದಿಂದ ಬಂದುವು. ಬಿಲ್ಲೆ ಮತ್ತು ಪಟ್ಟಿ ಒಂದೇ ಡಬ್ಬಿಯಿಂದ ಬಂದುವು. ಆದುದರಿಂದ ಎರಡು ಕಡೆಯ ದಪ್ಪವೂ ತಾನಾಗಿಯೇ ಸಮನಾಯಿತು. ಒಂದೇ ತಗಡು ಬೇಕೆಂದು ಮೊದಲು ಹೇಳಿದುದು ಇದಕ್ಕಾಗಿ.

ಮೊದಲು ಎಲ್ಲವನ್ನೂ ಅಂಟಿಲ್ಲದೆ ಜೋಡಿಸಿ, ಕೀಲಿನಲ್ಲಿ ೩ ಮಿ.ಮೀ. ಸ್ಕ್ರೂವನ್ನು ತಾತ್ಕಾಲಿಕವಾಗಿ ಹಾಕಿ ಪರೀಕ್ಷಿಸಿ. ತೆರೆದಾಗ ಅಲಗು ಹಿಡಿಯೊಡನೆ ಒಂದೇ ಸಾಲಿಗೆ ಬಾರದಿದ್ದರೆ ಬೆನ್ನುಪಟ್ಟಿಯ ತುದಿಯನ್ನು ನಯವಾದ ಅರದಿಂದ ಒಂದೊಂದೇ ಎಳೆತ ತಿಕ್ಕಿ ಸರಿಪಡಿಸಿ. ತೃಪ್ತಿಯಾದ ಬಳಿಕ ಬೆನ್ನುಪಟ್ಟಿಯನ್ನು ಆರಾಲ್ಡೈಟಿನಿಂದಲೂ ತಂತಿಯ ಮೊಳೆಗಳಿಂದಲೂ ಭದ್ರಪಡಿಸಿ, ಒಂದು ದಿನ ಬಿಡಿ. ಕೀಲಿನ ಕಡೆಗೆ ಅಂಟು ಹರಿಯದಂತೆ ನೋಡಿಕೊಳ್ಳಬೇಕು.

ಕೊನೆಯಲ್ಲಿ ಕೀಲು. ಹಲಗೆಗಳು, ಅಲಗು, ಬಿಲ್ಲೆಗಳು, ಹೊರಗಿನ ವಾಷರುಗಳು ಎಲ್ಲ ಸೇರಿದ ದಪ್ಪಕ್ಕಿಂತ ಎರಡು ಕಡೆಯೂ ೧.೫ ಮಿ.ಮೀ. ಹೆಚ್ಚಿರುವಂತೆ ಸರಳನ್ನು ಕತ್ತರಿಸಿ. ಅದನ್ನು ಕಬ್ಬಿಣದ ಗಟ್ಟಿಯ ಮೇಲೆ ನಿಲ್ಲಿಸಿ, ಸುತ್ತಿಗೆಯಿಂದ ಸುತ್ತಲೂ ಹಗುರಾಗಿ ತಟ್ಟುತ್ತ ತಲೆಯನ್ನು ಅಣಬೆಯಂತೆ ಹರಡಬೇಕು. ನಾಲ್ಕು ಪೆಟ್ಟು, ಒಮ್ಮೆ ತೆರೆದು ನೋಡುವುದು. ಮತ್ತೆ ನಾಲ್ಕು ಪೆಟ್ಟು. ಬಲವಾದ ಒಂದೇ ಪೆಟ್ಟಿಗೆ ಸಾಗುವಾನಿ ಸೀಳೀತು. ಅಲಗು ತನ್ನ ಭಾರಕ್ಕೆ ತಾನೇ ಬೀಳದೆ, ಎರಡು ಬೆರಳಿನ ಬಲಕ್ಕೆ ತೆರೆಯುವಂತಾದರೆ ಕೀಲಿನ ಬಿಗಿ ಸರಿಯಾಯಿತು.

ಹರಿತ ಮತ್ತು ಬಳಕೆ

ಸಾಣೆಕಲ್ಲಿನ ಮೇಲೆ ಅಲಗನ್ನು ೨೦ ಡಿಗ್ರಿ ಓರೆಯಾಗಿ ಹಿಡಿಯಬೇಕು. ಕೋನಮಾಪಕವನ್ನು ಅಲ್ಲಿ ಇಡಲಾಗದು; ಆದರೆ ೨೦ ಡಿಗ್ರಿಯ ಸೈನ್ ೦.೩೪. ಅದನ್ನು ಅಲಗಿನ ೧೫ ಮಿ.ಮೀ. ಅಗಲದಿಂದ ಗುಣಿಸಿದರೆ ಸುಮಾರು ೫ ಮಿ.ಮೀ. ಬರುತ್ತದೆ. ಬೆನ್ನು ಕಲ್ಲಿನಿಂದ ೫ ಮಿ.ಮೀ. ಎತ್ತರದಲ್ಲಿದ್ದರೆ ಕೋನ ಸರಿಯಾಗಿದೆ ಎಂದರ್ಥ. ಸೈಕಲ್ಲಿನ ಚಕ್ರ ತುಳಿದು ಸಾಣೆ ಹಿಡಿಯುತ್ತ ನಮ್ಮ ಗಲ್ಲಿಗಳಿಗೆ ಬರುವ ಧಾರವಾಲಾ ಈ ಕೋನವನ್ನು ಲೆಕ್ಕವಿಲ್ಲದೆಯೇ ಕೈಯ ಅಭ್ಯಾಸದಿಂದ ಹಿಡಿಯುತ್ತಾನೆ. ಅವನ ಮಣಿಕಟ್ಟನ್ನು ಗಮನಿಸಿ ನೋಡಿದರೆ ಬಹಳ ಕಲಿಯಬಹುದು.

ಈ ಚಾಕುವಿಗೆ ಬೀಗವಿಲ್ಲ. ಕೀಲಿನ ಬಿಗಿಯೊಂದೇ ಅಲಗನ್ನು ನಿಲ್ಲಿಸುತ್ತದೆ. ಫ್ರಾನ್ಸಿನ ಪ್ರಸಿದ್ಧ ಓಪಿನೆಲ್ ಚಾಕುವೂ ೧೮೯೦ರಲ್ಲಿ ಹುಟ್ಟಿದಾಗ ಹೀಗೆಯೇ ಇತ್ತು. ಅಲಗನ್ನು ಭದ್ರವಾಗಿ ನಿಲ್ಲಿಸುವ ಉಂಗುರವನ್ನು ಅದಕ್ಕೆ ೧೯೫೫ರಲ್ಲಿ ಅಳವಡಿಸಿದರು. ಬೀಗವಿಲ್ಲದ ಚಾಕುವಿನಿಂದ ಚುಚ್ಚುವುದು, ತೂತು ಕೊರೆಯುವುದು, ಬೆನ್ನಿನ ಮೇಲೆ ಭಾರ ಹಾಕುವುದು ಇವು ಮೂರನ್ನೂ ಮಾಡಬಾರದು. ಅಲಗು ಹಠಾತ್ತನೆ ಮಡಚಿ ಬೆರಳಿನ ಮೇಲೆ ಬರುತ್ತದೆ. ಕೆತ್ತುವಾಗ ಬಾಯಿ ದೇಹದಿಂದ ಆಚೆಗೆ ಚಲಿಸಬೇಕು. ಮುಚ್ಚುವಾಗ ಬೆರಳುಗಳೆಲ್ಲ ಹಿಡಿಯ ಪಕ್ಕಗಳಲ್ಲಿರಬೇಕು, ಸೀಳಿನ ದಾರಿಯಲ್ಲಿರಬಾರದು. ಇನ್ನೊಬ್ಬರಿಗೆ ಕೊಡುವಾಗ ಮುಚ್ಚಿಯೇ ಕೊಡಬೇಕು.

ಗರಗಸದ ಉಕ್ಕು ತುಕ್ಕು ಹಿಡಿಯುವ ಜಾತಿಯದು. ಸಮುದ್ರದ ಉಪ್ಪುಗಾಳಿಯ ಮುಂಬಯಿಯಲ್ಲಿ, ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರಿನವರೆಗಿನ ಮಳೆಗಾಲದಲ್ಲಿ, ಒದ್ದೆಯಾದ ಅಲಗು ಒಂದೇ ರಾತ್ರಿಯಲ್ಲಿ ಕಂದುಗಟ್ಟೀತು. ಬಳಸಿದ ಬಳಿಕ ಒರಸಿ, ತೆಂಗಿನೆಣ್ಣೆಯನ್ನು ತೆಳ್ಳಗೆ ಸವರಿ, ಕೀಲಿಗೆ ಹೊಲಿಗೆಯಂತ್ರದ ಎಣ್ಣೆಯ ಒಂದು ಹನಿ ಬಿಟ್ಟು ಮುಚ್ಚಿಡಬೇಕು.

ಸಿದ್ಧವಾದ ಚಾಕುವಿಗೆ ನಾಲ್ಕು ಪರೀಕ್ಷೆಗಳಿವೆ. ಮುಚ್ಚಿದಾಗ ಮೊನೆ ಬೆರಳಿಗೆ ಸಿಗಬಾರದು. ತೆರೆದಾಗ ಅಲಗು ಎಡಬಲಕ್ಕೆ ಅಲುಗಬಾರದು. ಮುಚ್ಚುವಾಗ ಹರಿತವು ಬೆನ್ನುಪಟ್ಟಿಗೆ ಬಡಿದ ಸದ್ದು ಕೇಳಿಸಬಾರದು. ಪೆನ್ಸಿಲಿನ ಮರ ಪುಡಿಯಾಗದೆ ಸುರುಳಿಸುರುಳಿಯಾಗಿ ಏಳಬೇಕು. ಮೊದಲನೆಯ ಚಾಕು ಈ ನಾಲ್ಕರಲ್ಲಿ ಎರಡರಲ್ಲಿ ಗೆದ್ದರೂ ಸಂತೋಷಪಡಬೇಕಾದುದೇ. ಉಳಿದೆರಡರ ಉತ್ತರ ಎರಡನೆಯ ಚಾಕುವಿನಲ್ಲಿ ದೊರೆಯುತ್ತದೆ. ಕೈಕೆಲಸದ ಪ್ರದರ್ಶನಕ್ಕೆ ಇದನ್ನು ಇಡುವವರು ತಾವು ತಿದ್ದಿ ತಿದ್ದಿ ಉಳಿಸಿಕೊಂಡ ರಟ್ಟಿನ ಚಾಕುವನ್ನೂ ಪಕ್ಕದಲ್ಲಿ ಇಟ್ಟರೆ ನೋಡುವವರಿಗೆ ಹೆಚ್ಚು ಪ್ರಯೋಜನವಾಗುವುದು.